ಅಲರ್ಟ್ ಬೇ ಭೇಟಿ: ಫೋಟೊ ತೆಗೆಯುವ ಬಗ್ಗೆ ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ, ಪೋರ್ಟ್ ಮೆಕ್‌ನೀಲ್‌ನಿಂದ ಫೆರಿಯಲ್ಲಿ ತಲುಪಬೇಕಾದ ಕಾರ್ಮೊರಂಟ್ ದ್ವೀಪದ ಅಲರ್ಟ್ ಬೇ ಊರಿಗೆ ತಂದೆತಾಯಿಯರೊಂದಿಗೆ ಹೋಗಲಿದ್ದೇನೆ. 1885ರಿಂದ 1951ರವರೆಗೆ ಪಾಟ್‌ಲ್ಯಾಚ್ (ಅಲ್ಲಿನ ಮೂಲನಿವಾಸಿಗಳು ಉಡುಗೊರೆ ಹಂಚುವ ಸಾಂಪ್ರದಾಯಿಕ ಸಮಾರಂಭ) ಆಚರಣೆಗೆ ಕಾನೂನಿನ ನಿಷೇಧವಿದ್ದಾಗ, 1921ರ ಸಮಾರಂಭದ ನಂತರ ಸರ್ಕಾರ ಕಿತ್ತುಕೊಂಡ ಮುಖವಾಡಗಳಲ್ಲಿ ಹಲವು ಮರಳಿ ಬಂದು ಅಲ್ಲಿನ ಉಮಿಸ್ತಾ ಸಾಂಸ್ಕೃತಿಕ ಕೇಂದ್ರದಲ್ಲಿವೆ; ನಾವು ಹೊರಟಿರುವುದೇ ಅವುಗಳಿಗಾಗಿ.

ಅಲರ್ಟ್ ಬೇಯ ಮೂಲನಿವಾಸಿಗಳಾದ ನಮ್‌ಗಿಸ್ ಸಮುದಾಯದ ಸಮಾಧಿಭೂಮಿಯೊಳಗೆ ಕಾಲಿಡದೆ, ಅಲ್ಲಿನ ಕೆತ್ತನೆಯ ಸ್ಮಾರಕ ಕಂಬಗಳನ್ನು ರಸ್ತೆಯಿಂದಲೇ ನೋಡಬೇಕೆಂಬುದು ತಿಳಿದಿದೆ. ತೊಡಕಿರುವುದು ಫೋಟೊ ವಿಷಯದಲ್ಲಿ. ಪ್ರವಾಸ ಕೈಪಿಡಿಗಳನ್ನು ತಿರುವಿ ಹಾಕಿದೆ, ಏಜೆಂಟರನ್ನೂ ವಿಚಾರಿಸಿದೆ. ಅವರದು "ಅಲ್ಲಿಗೆ ಹೋದ ಮೇಲೆ ನೋಡಿಕೊಳ್ಳಿ" ಎಂಬ ಎಂದಿನ ಉತ್ತರ.

ಅಲ್ಲಿಗೆ ಹೋಗಿಬಂದವರು ದಯವಿಟ್ಟು ತಿಳಿಸಿ: ರಸ್ತೆಯಲ್ಲಿ ನಿಂತು ಆ ಕಂಬಗಳ ಫೋಟೊ ತೆಗೆಯುವುದನ್ನು ಸ್ಥಳೀಯರು ಒಪ್ಪುತ್ತಾರೆಯೇ, ಅನುಮತಿ ಬೇಕಿದ್ದರೆ ಯಾರನ್ನು ಕೇಳಬೇಕು?