ರಿಕಂಬೆಂಟ್ ಸೈಕಲ್: ಐಡ್ಲರ್ ಮೇಲಿಂದ ಚೈನ್ ಜಾರ್ತಿದೆ, ಸಹಾಯ ಬೇಕು

ನನ್ನದು ಶಾರ್ಟ್ ವೀಲ್‌ಬೇಸ್ ರಿಕಂಬೆಂಟ್ (ಹಿಂದಕ್ಕೆ ಒರಗಿ ಕೂತು, ಕಾಲು ಮುಂದೆ ಚಾಚಿ ತುಳಿಯೋ ಸೈಕಲ್), ಮುಂದೆ 20 ಇಂಚು (ರಿಮ್ ಅಳತೆ 406 ಮಿ.ಮೀ.), ಹಿಂದೆ 26 ಇಂಚಿನ ಚಕ್ರ. ಸೀಟಿನ ಕೆಳಗಿರೋ ಐಡ್ಲರ್‌ಗೆ (ಉದ್ದ ಚೈನಿಗೆ ದಾರಿ ಕೊಡೋ ರಾಟೆ) ಹಲ್ಲುಗಳಿವೆ. ಪೆಡಲ್ ಒತ್ತಡವೆಲ್ಲ ಬೀಳೋದು ಅದರ ಮೇಲೆ ಹಾಯುವ ಚೈನಿನ ಮೇಲೇ. ಏರಿನಲ್ಲಿ ಕ್ಯಾಸೆಟ್‌ನ (ಹಿಂದಿನ ಚಕ್ರದ ಗೇರ್ ಹಲ್ಲುಚಕ್ರಗಳ ಗುಂಪು) ಅತಿ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ ಜೋರಾಗಿ ತುಳಿದರೆ ಮೊದಲು ಕರಕರ ಸದ್ದು, ಆಮೇಲೆ ಚೈನ್ ಹಲ್ಲಿನ ನೆತ್ತಿಗೆ ಹತ್ತಿ ಒಳಗಡೆಗೆ ಜಾರುತ್ತೆ. ನಡುವಿನ ಗೇರ್‌ಗಳಲ್ಲಿ ಏನೂ ತೊಂದರೆ ಇಲ್ಲ.

ಬೂಮ್ (ಪೆಡಲ್‌ಗಳನ್ನು ಹೊತ್ತಿರೋ ಮುಂದಿನ ಕೊಳವೆ) 25 ಮಿ.ಮೀ. ಮುಂದಕ್ಕೆ ಎಳೆದಾಗ ಚೈನ್‌ಗೆ 4 ಕೊಂಡಿ ಸೇರಿಸಿದ್ದಾಗಿದೆ (ಮೇಲೆ-ಕೆಳಗೆ ಎರಡೂ ಕಡೆ ಉದ್ದ ಬೇಕಲ್ಲ, ಒಟ್ಟು 50 ಮಿ.ಮೀ.). ಹೊಸ ಚೈನ್ ಹಾಕಿದ್ದೇನೆ, ಡಿರೇಲರ್ ಹ್ಯಾಂಗರ್ (ಗೇರ್ ಬದಲಿಸೋ ಭಾಗವನ್ನು ಫ್ರೇಮಿಗೆ ಹಿಡಿದಿರೋ ತುಂಡು) ನೇರ ಮಾಡಿಸಿದ್ದೇನೆ. ಚೈನ್ ಟ್ಯೂಬಿನ (ಚೈನ್ ಹಾಯೋ ಪ್ಲಾಸ್ಟಿಕ್ ಕೊಳವೆ) ಬಾಯಿ ಬಿಸಿ ಮಾಡಿ ಅಗಲಿಸಿದ ಮೇಲೆ ಉಜ್ಜುವ ಸದ್ದು ಹೋಯ್ತು, ಜಾರೋದು ನಿಲ್ಲಲಿಲ್ಲ. ಐಡ್ಲರ್ ಬೇರಿಂಗ್‌ನಲ್ಲಿ ಸಡಿಲ ಇಲ್ಲ.

ಗೊಂದಲ ಇಲ್ಲಿದೆ: ಈ ಐಡ್ಲರ್ ಆಕ್ಸಲ್ ಮೇಲೆ ಅಲುಗದ ಹಾಗೆ ಕೂತಿದೆ, ಕ್ಯಾಸೆಟ್‌ನ ನಡುವಿಗೆ ನೇರವಾಗಿದೆ. ವಾಷರ್ ಹಾಕಿ 3 ಮಿ.ಮೀ. ಒಳಗೆ ಸರಿಸಿದರೆ ದೊಡ್ಡ ಹಲ್ಲುಚಕ್ರಕ್ಕೆ ಅನುಕೂಲ, ಆದರೆ ಅತಿ ಚಿಕ್ಕದರ ಕಡೆ ಕೋನ ಇನ್ನೂ ಕೆಡುತ್ತೆ.

ವಾಷರ್ ಸಾಕಾ, ಇಲ್ಲಾ ಆಕ್ಸಲ್ ಮೇಲೆ ಅಡ್ಡಡ್ಡ ತಾನೇ ಸರಿಯುವ ಐಡ್ಲರ್ ಹಾಕಬೇಕಾ? ಅಂಥದ್ದು ಬಳಸಿರೋರು ಹೇಳಿ, ಎಷ್ಟು ಮಿ.ಮೀ. ಸರಿದಾಟ ಬಿಡ್ತೀರಿ?