ಮಗುವಿನ ಪೌರತ್ವಕ್ಕೆ ತಂದೆತಾಯಿಯ ವೀಸಾ ಅಳತೆಗೋಲೇ?

ಅಮೆರಿಕದ ನೆಲದಲ್ಲಿ ಹುಟ್ಟಿದ ಮಗುವಿಗೆ ಸಿಗುವ ಜನ್ಮಸಿದ್ಧ ಪೌರತ್ವದ ವಿಷಯ ಬಂದಾಗಲೆಲ್ಲ ನಮ್ಮ ಕೂಟದಲ್ಲಿ ಒಂದು ಮಾತು ಕೇಳಿಬರುತ್ತದೆ: "ಅದು ಗಡಿ ನುಸುಳಿ ಬಂದವರ ತಕರಾರು, ತೆರಿಗೆ ಕಟ್ಟಿಕೊಂಡು ಕಾನೂನುಬದ್ಧವಾಗಿ ಇರುವ ನಮಗೇನು?" ಹೀಗೆ ಹೇಳುವವರಲ್ಲಿ ನನಗಿಂತ ಹಿರಿಯರೂ ಇದ್ದಾರೆ. ಅವರ ಮೇಲಿನ ಗೌರವವನ್ನು ಇಟ್ಟುಕೊಂಡೇ ಹೇಳುತ್ತೇನೆ, ಈ ತಿಳಿವಳಿಕೆ ತಪ್ಪು.

2025ರ ಜನವರಿ 20ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದ ಆದೇಶದಲ್ಲಿ ಎರಡು ಭಾಗಗಳಿದ್ದವು. ತಾಯಿ ಅಕ್ರಮವಾಗಿ ನೆಲೆಸಿದ್ದು, ತಂದೆ ಪೌರನಾಗಲಿ ಕಾಯಂ ವಾಸದ ಗ್ರೀನ್ ಕಾರ್ಡ್ ಪಡೆದವನಾಗಲಿ ಅಲ್ಲದಿದ್ದರೆ ಮಗುವಿಗೆ ಪೌರತ್ವವಿಲ್ಲ ಎಂಬುದು ಮೊದಲನೆಯದು. ತಾಯಿ ಕಾನೂನುಬದ್ಧವಾಗಿದ್ದರೂ ವಿದ್ಯಾರ್ಥಿ, ಉದ್ಯೋಗ ಅಥವಾ ಪ್ರವಾಸಿ ವೀಸಾದ ಮೇಲಿದ್ದರೆ ಅದೇ ನಿಯಮ ಎಂಬುದು ಎರಡನೆಯದು. ಎಚ್‌-1ಬಿ ಉದ್ಯೋಗ ವೀಸಾ ಮತ್ತು ಅವರ ಸಂಗಾತಿಗೆ ಸಿಗುವ ಎಚ್‌-4 ವೀಸಾದಲ್ಲಿರುವ ನಮ್ಮ ದಂಪತಿಗಳೆಲ್ಲ ಈ ಎರಡನೆಯದರೊಳಗೆ ಬರುತ್ತಾರೆ. ಹುಟ್ಟಿದ ಆ ಮಗು ಮುಂದೆ ಯಾವ ವೀಸಾದ ಮೇಲೆ ಇಲ್ಲಿ ಉಳಿಯಬೇಕು ಎಂಬ ಮಾತು ಆದೇಶದಲ್ಲಿ ಇರಲೇ ಇಲ್ಲ. ಕಾನೂನು ಪಾಲಿಸಿದ ತಂದೆತಾಯಿಗೆ ಹುಟ್ಟಿದ ಕೂಸೇ ದಾಖಲೆಯಿಲ್ಲದ್ದಾಗುವ ಸ್ಥಿತಿ ಅದು. ನ್ಯಾಯಾಲಯಗಳು ಅದನ್ನು ಜಾರಿಗೆ ಬರುವ ಮೊದಲೇ ತಡೆದವು, ಆದರೆ ಅದು ಜಾರಿಯಾಗಬೇಕಿದ್ದ ಆ ಫೆಬ್ರವರಿಯಲ್ಲಿ ತುಂಬು ಗರ್ಭಿಣಿಯರಿದ್ದ ಮನೆಗಳಲ್ಲಿನ ಆತಂಕವನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಇನ್ನು, ಅಕ್ರಮವಾಗಿ ಬಂದವರ ಮಕ್ಕಳ ಪ್ರಶ್ನೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಪೌರತ್ವವನ್ನು ಯಾರೂ ಕಸಿಯಬಾರದೆಂದು 1868ರಲ್ಲಿ ಸಂವಿಧಾನಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿ, ಈ ನೆಲದಲ್ಲಿ ಹುಟ್ಟಿ ಇದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರೆಲ್ಲ ಪೌರರು ಎನ್ನುತ್ತದೆ. ಚೀನೀ ತಂದೆತಾಯಿಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹುಟ್ಟಿದ ವಾಂಗ್ ಕಿಮ್ ಆರ್ಕ್ ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ ಅಧಿಕಾರಿಗಳು ಒಳಗೆ ಬಿಡಲಿಲ್ಲ. ಚೀನೀಯರು ಪೌರರಾಗುವುದಕ್ಕೇ ಕಾನೂನು ಅಡ್ಡವಾಗಿದ್ದ ಆ ಕಾಲದಲ್ಲೂ, 1898ರಲ್ಲಿ ಸುಪ್ರೀಂ ಕೋರ್ಟ್ ವಾಂಗ್ ಹುಟ್ಟಿನಿಂದಲೇ ಪೌರರು ಎಂದು ತೀರ್ಪು ಕೊಟ್ಟಿತು. ವಾಂಗ್ ಅವರ ತಂದೆತಾಯಿ ಸಕ್ರಮವಾಗಿಯೇ ನೆಲೆಸಿದ್ದವರು ಎಂದು ವಿರೋಧಿಗಳು ಎತ್ತುವ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಆದರೂ ದಾಖಲೆಯಿಲ್ಲದವನು ತಪ್ಪು ಮಾಡಿದರೆ ಇಲ್ಲಿನ ಪೊಲೀಸರೇ ಹಿಡಿಯುತ್ತಾರೆ, ಇಲ್ಲಿನ ನ್ಯಾಯಾಲಯವೇ ಶಿಕ್ಷಿಸುತ್ತದೆ. ವಿದೇಶಿ ರಾಯಭಾರಿಗಿರುವ ರಕ್ಷಣೆ ಅವನಿಗಿಲ್ಲ. ಹಾಗಿರುವಾಗ ಅವನ ಮಗು ಅಧಿಕಾರವ್ಯಾಪ್ತಿಯ ಹೊರಗಿದೆ ಎಂಬ ವಾದ ನನಗೆ ಒಪ್ಪಿಗೆಯಾಗುವುದಿಲ್ಲ. ಮಗುವನ್ನು ಹೆತ್ತು ನೆಲೆ ಕಂಡುಕೊಳ್ಳುತ್ತಾರೆ ಎಂಬ ದೂರೂ ಅಷ್ಟೆ. ಆ ಮಗುವಿಗೆ 21 ತುಂಬುವವರೆಗೆ ಹೆತ್ತವರ ಗ್ರೀನ್ ಕಾರ್ಡಿಗೆ ಅರ್ಜಿಯನ್ನೇ ಹಾಕಲಾಗದು.

ಭಾರತವೂ ಈ ಹಕ್ಕನ್ನು ಮೊಟಕುಗೊಳಿಸಿದೆಯಲ್ಲ ಎಂದು ಕೇಳುವವರಿದ್ದಾರೆ. ನಿಜ, 1987ರ ಜುಲೈ 1ರಿಂದ ತಂದೆತಾಯಿಯಲ್ಲಿ ಒಬ್ಬರಾದರೂ ಪೌರರಾಗಿರಬೇಕಾಯಿತು. 2004ರ ಡಿಸೆಂಬರ್ 3ರಿಂದ ಇನ್ನೊಬ್ಬರು ಅಕ್ರಮ ವಲಸಿಗರಾಗಿರಕೂಡದು ಎಂಬ ಷರತ್ತೂ ಸೇರಿತು. ಆದರೆ ಅಲ್ಲಿ ಬದಲಾವಣೆ ಮಾಡಿದ್ದು ಸಂಸತ್ತು. ಇಲ್ಲಿ ಸಂವಿಧಾನದ ಮಾತನ್ನು ಒಬ್ಬ ಅಧ್ಯಕ್ಷರ ಸಹಿಯಿಂದ ಬದಲಿಸಹೊರಟಿದ್ದರು.

ನಮ್ಮ ಮಗಳ ಪಾಸ್‌ಪೋರ್ಟಿಗೆ ಅರ್ಜಿ ಕೊಟ್ಟ ದಿನ ನೆನಪಿದೆ. ಆರು ವಾರದ ಕೂಸು. ಬಿಳಿ ಪಂಚೆಯ ಮೇಲೆ ಮಲಗಿಸಿ ತೆಗೆದ ಫೋಟೋದಲ್ಲಿ ಕಣ್ಣು ತೆರೆಸಲು ಅರ್ಧ ದಿನ ಹಿಡಿದಿತ್ತು. ಅಂಚೆ ಕಚೇರಿಯ ಸಿಬ್ಬಂದಿ ನಮ್ಮಿಬ್ಬರ ಭಾರತೀಯ ಪಾಸ್‌ಪೋರ್ಟುಗಳಲ್ಲಿ ಹೆಸರು ಮತ್ತು ಮುಖ ಹೋಲಿಸಿ ನೋಡಿದರೇ ಹೊರತು ವೀಸಾ ಅಂಟಿಸಿದ ಪುಟ ತಿರುವಲಿಲ್ಲ. ಜನನ ಪ್ರಮಾಣಪತ್ರದಲ್ಲಿ ಹುಟ್ಟಿದ ಊರಿನ ಹೆಸರನ್ನು ಬೆರಳಿಟ್ಟು ಓದಿ, ಅರ್ಜಿಯ ಮೇಲೆ ಮುದ್ರೆ ಒತ್ತಿದರು.