ದಕ್ಷಿಣದಿಂದ ಬರುವ ರಾಜ ಮತ್ತು ನಮ್ಮ ಮನೆ ಗುಂಪು

ಶೇಖರ ಚಿಕ್ಕಪ್ಪ (ಫಾರ್ವರ್ಡ್): 4600 ವರ್ಷಗಳ ಹಿಂದೆಯೇ ಈಜಿಪ್ಟಿನ ಪೂಜಾರಿ ನೆಫರ್ತಿ ನುಡಿದ ಭವಿಷ್ಯ! ನದಿ ಬತ್ತಿ ಜನ ನಡೆದೇ ದಾಟುತ್ತಾರೆ. ಹೊರಗಿನವರು ನುಗ್ಗುತ್ತಾರೆ. ಮಗನೇ ಅಪ್ಪನಿಗೆ ಶತ್ರುವಾಗುತ್ತಾನೆ. ಆಗ ದಕ್ಷಿಣದಿಂದ ಒಬ್ಬ ರಾಜ ಬಂದು ಎಲ್ಲ ಸರಿ ಮಾಡುತ್ತಾನೆ. ಎಲ್ಲರಿಗೂ ಕಳಿಸಿ!

ಶೇಖರ ಚಿಕ್ಕಪ್ಪ: ದಕ್ಷಿಣ ಅಂದರೆ ನಮ್ಮ ಕಡೆಯೇ ಅಲ್ವಾ?

ಶಾರದತ್ತೆ: ನಮ್ಮೂರ ಹೊಳೆ ನೋಡಿದರೆ ನಿಜ ಅನ್ನಿಸುತ್ತದೆ 🙏

ಸ್ಮಿತಾ: ಚಿಕ್ಕಪ್ಪಾ, ಇದು ಎಲ್ಲಿ ಸಿಕ್ಕಿತು? ದಕ್ಷಿಣ ಅಂದರೆ ಈಜಿಪ್ಟಿನ ದಕ್ಷಿಣ. ಮೂಲದಲ್ಲಿ ಆ ರಾಜನ ಹೆಸರೂ ಇದೆ, ಅಮೆನಿ ಅಂತ. ಫಾರ್ವರ್ಡ್ ಮಾಡಿದವರು ಅದನ್ನು ಕತ್ತರಿಸಿದ್ದಾರೆ.

ದೊಡ್ಡಪ್ಪ: ಹಿರಿಯರನ್ನು ಗುಂಪಿನಲ್ಲಿ ಹೀಗೆ ಕೇಳುವುದು ಸರಿಯಲ್ಲಮ್ಮಾ. ಮಕ್ಕಳು ಎದುರು ಮಾತಾಡುವ ಕಾಲ ಬರುತ್ತದೆ ಅಂತ ಬರೆದಿದೆಯಲ್ಲ, ಅದನ್ನು ಮೊದಲು ಓದು.

ಗಿರೀಶ: ಅಜ್ಜಿ ಕಾಲಜ್ಞಾನದ ಮಾತು ಹೇಳುತ್ತಿದ್ದರು, ನೆನಪಿದೆಯಾ? ವೀರ ವಸಂತರಾಯ ಬರುತ್ತಾನೆ, ಆಮೇಲೆ ಒಳ್ಳೆ ದಿನ ಅಂತ. ಕರೆಂಟ್ ಹೋದ ರಾತ್ರಿ ಜಗಲಿ ಮೇಲೆ ನಾವೆಲ್ಲ ಒತ್ತಿಕೊಂಡು ಕೂತು ಕೇಳುತ್ತಿದ್ದೆವು. ಹುರಿಗಡಲೆ, ಬೆಲ್ಲ.

ಶಾರದತ್ತೆ: ಜಗಲಿ ಮಾತು ಎತ್ತಬೇಡ. ಅದನ್ನು ಕೆಡವಿ ಕಾರು ನಿಲ್ಲಿಸುವಾಗ ನನ್ನನ್ನು ಒಂದು ಮಾತು ಕೇಳಿದರಾ?

ದೊಡ್ಡಪ್ಪ: ಶಾರದಾ, ಅದು ಇಲ್ಲಿ ಬೇಡ.

ಸ್ಮಿತಾ: ಒಂದು ಸಲ ಪೂರ್ತಿ ಓದಿ, ದಯವಿಟ್ಟು. ಕಥೆ ನಡೆಯುವುದು ಸ್ನೆಫೆರು ಅನ್ನುವ ರಾಜನ ಆಸ್ಥಾನದಲ್ಲಿ. 4600 ವರ್ಷ ಅನ್ನುವ ಲೆಕ್ಕ ಬಂದದ್ದು ಅಲ್ಲಿಂದ. ಆದರೆ ಅದನ್ನು ಬರೆದದ್ದು ಸುಮಾರು ಆರುನೂರು ವರ್ಷ ಆದ ಮೇಲೆ, ಒಂದನೇ ಅಮೆನೆಮ್ಹತ್ ಕಾಲದಲ್ಲಿ ಅಂತ ಹೆಚ್ಚಿನ ವಿದ್ವಾಂಸರು ಹೇಳುತ್ತಾರೆ. ಅಮೆನಿ ಅಂದರೆ ಅವನೇ. ಅವನು ರಾಜನ ಮಗನಲ್ಲ. ಕ್ರಿ.ಪೂ. 1990ರ ಸುಮಾರಿಗೆ ಗದ್ದುಗೆ ಏರಿ ಹೊಸ ವಂಶ ಶುರು ಮಾಡಿದ. ಇವನಿಗೇನು ಹಕ್ಕು ಅಂತ ಜನ ಕೇಳುವುದಿಲ್ವಾ? ಅದಕ್ಕೇ ಇವನು ಬರುತ್ತಾನೆ ಅಂತ ಹಳೇ ಕಾಲದ ಪೂಜಾರಿಯ ಬಾಯಲ್ಲಿ ಹೇಳಿಸಿದ್ದು. ಮೊದಲು ದೇಶ ಹಾಳಾಯಿತು ಅಂತ ಹೆದರಿಸುವುದು, ಆಮೇಲೆ ಗದ್ದುಗೆಯಲ್ಲಿ ಕೂತವನನ್ನೇ ರಕ್ಷಕ ಅನ್ನುವುದು. ಏಷ್ಯಾ ಕಡೆಯವರು ಒಳಗೆ ಬರದ ಹಾಗೆ ಅವನು ಗೋಡೆ ಕಟ್ಟುತ್ತಾನೆ ಅಂತಲೂ ಅದರಲ್ಲಿದೆ. ನಾವು ಗೋಡೆಯ ಯಾವ ಕಡೆ ಚಿಕ್ಕಪ್ಪಾ?

ಶೇಖರ ಚಿಕ್ಕಪ್ಪ: ಇಷ್ಟುದ್ದ ಬರೆಯಲು ಪುರುಸೊತ್ತಿದೆ. ಚಿಕ್ಕಮ್ಮನ ಆಪರೇಷನ್ ದಿನ ಒಂದು ಫೋನ್ ಮಾಡಲು ಇರಲಿಲ್ಲ.

ಸ್ಮಿತಾ: ಅವತ್ತು ಮೆಸೇಜ್ ಹಾಕಿದ್ದೆ. ನೀವು ನೋಡಿಲ್ಲ.

ಗಿರೀಶ: ಸ್ಮಿತಾ, ಆ ಈಜಿಪ್ಟಿನ ಬರಹ ಈಗಲೂ ಇದೆಯಾ?

ಸ್ಮಿತಾ: ಇದೆ. ಪೂರ್ತಿ ಉಳಿದಿರುವ ಪಪೈರಸ್ ಪ್ರತಿ ರಷ್ಯಾದ ಹರ್ಮಿಟೇಜ್ ಮ್ಯೂಸಿಯಂನಲ್ಲಿದೆ. ಅದೂ ಅಮೆನೆಮ್ಹತ್ ಹೋಗಿ ಎಷ್ಟೋ ನೂರು ವರ್ಷ ಆದ ಮೇಲೆ ಯಾರೋ ನಕಲು ಮಾಡಿದ್ದು. ಇಷ್ಟು ಚೆನ್ನಾಗಿರುವುದನ್ನು ಸುಮ್ನೆ ನಮ್ಮ ರಾಜಕೀಯಕ್ಕೆ ಅಂಟಿಸಿದರೆ ಬೇಜಾರಾಗುತ್ತದೆ.

ಶಾರದತ್ತೆ: ಏನೇ ಆಗಲಿ, ಒಳ್ಳೆಯ ರಾಜ ಬಂದರೆ ಸಾಕು 🙏

ದೊಡ್ಡಪ್ಪ: ಶೇಖರ, ಆಪರೇಷನ್ ವಿಷಯ ನನಗೂ ನೀನು ಹೇಳಿದ್ದು ಎಲ್ಲ ಮುಗಿದ ಮೇಲೆ. ಮನೆಯ ಹಿರಿಯ ನಾನು. ಯಾಕೆ ಹಾಗೆ ಮಾಡಿದೆ?